ಹರಾಜಿನ ಹುಂಜ, ಮಾಳಿಗೆಯ ಹ್ಯಾಟೆ



2025ರ ಫೆಬ್ರವರಿಯಲ್ಲಿ ಹೈದರಾಬಾದಿನ ಹೊರವಲಯದ ಮೊಯಿನಾಬಾದಿನಲ್ಲಿ ಒಂದು ತೋಟದ ಮನೆಯ ಮೇಲೆ ಪೊಲೀಸರು ದಾಳಿ ಮಾಡಿದ ಸುದ್ದಿ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಒಳಗೆ ಕೋಳಿಪಂದ್ಯ ನಡೆದಿತ್ತು. ಸಿಕ್ಕಿಬಿದ್ದ ಮನುಷ್ಯರು 64, ಹುಂಜಗಳು 84. ಮನುಷ್ಯರ ಮಾತು ಬಿಡಿ, ಅವರಿಗೆ ವಕೀಲರಿದ್ದಾರೆ. ಹುಂಜಗಳು ಮಾತ್ರ ಮುದ್ದೆಮಾಲಾಗಿ ರಾಜೇಂದ್ರನಗರದ ನ್ಯಾಯಾಲಯಕ್ಕೆ ಬಂದವು, ಅಪ್ಪಣೆಯಾದ ಮೇಲೆ ಹರಾಜಾಗಿ ಹೋದವು. ಸಾರಿಗೆ ಹಾಕುವ ಕೋಳಿಗೆ ಯಾರೂ ಅಲ್ಲಿ ಕೂಗಿದಷ್ಟು ಬೆಲೆ ಕೂಗುವುದಿಲ್ಲ. ಕಾದಾಟಕ್ಕೆಂದು ಬಾದಾಮಿ ತಿನ್ನಿಸಿ ಬೆಳೆಸಿದ ಹುಂಜವನ್ನು ಸಾವಿರಾರು ರೂಪಾಯಿ ಕೊಟ್ಟು ಕೊಂಡವರು ಮುಂದೆ ಅದರಿಂದ ಏನು ಮಾಡಿಸುತ್ತಾರೆ? ಈ ಪ್ರಶ್ನೆಯನ್ನು ಹರಾಜಿನಲ್ಲಿ ಯಾರೂ ಕೇಳುವುದಿಲ್ಲ.

ನಾನು ಪಶುವೈದ್ಯೆ. ಬೀದರ ಸೀಮೆಯವಳು, ಸಂಸಾರ ಹೈದರಾಬಾದಿನ ಕಾಚಿಗುಡದಲ್ಲಿ. ಬಿಡಿಸಿಕೊಂಡು ಬಂದ ಕೋಳಿಯ ಮುಂದಿನ ಬದುಕೇನು ಎನ್ನುವುದೇ ನನ್ನ ಇವತ್ತಿನ ಮಾತು. ಹಿಡಿದು ತರುವುದು ಅರ್ಧ ಗಂಟೆಯ ಕೆಲಸ. ಫೋಟೋ ಬೀಳುವುದೂ ಆಗಲೇ. ಆಮೇಲಿನ ತಿಂಗಳುಗಟ್ಟಲೆ ಕೆಲಸವನ್ನು ಯಾರೂ ಫೋಟೋ ತೆಗೆಯುವುದಿಲ್ಲ.

ಕಾನೂನು ಇಲ್ಲವೇ ಎಂದರೆ ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದಷ್ಟೇ ಅಪರಾಧವಲ್ಲ. ಸಾಕಿದವರು ಮೇವು, ನೀರು, ನೆರಳು ಕೊಡದಿರುವುದು, ಮೈ ತಿರುಗಿಸಲಾಗದ ಪಂಜರದಲ್ಲಿ ಕೂಡಿಹಾಕುವುದು, ಗಿಡ್ಡ ಹಗ್ಗದಲ್ಲಿ ಸದಾ ಕಟ್ಟಿಹಾಕುವುದು, ಇವೆಲ್ಲವೂ ಅಪರಾಧವೇ. ಮೊದಲ ಸಲದ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ! ಈಗಿನ ಹೈದರಾಬಾದಿನಲ್ಲಿ ಐವತ್ತು ರೂಪಾಯಿಗೆ ಎರಡು ಕಪ್ಪು ಇರಾನಿ ಚಹಾ ಬಂದರೆ ಪುಣ್ಯ. ದಂಡ ಬಿಡಿ, 2017ರಲ್ಲಿ ಬಂದ ಇನ್ನೊಂದು ನಿಯಮಾವಳಿ ಇದೆ. ಮೊಕದ್ದಮೆ ಮುಗಿಯುವ ತನಕ ಜಪ್ತಿಯಾದ ಪ್ರಾಣಿಗಳನ್ನು ಪಾಂಜರಪೋಳಕ್ಕೋ ಪ್ರಾಣಿದಯಾ ಸಂಸ್ಥೆಗೋ ಒಪ್ಪಿಸಬಹುದು, ಖರ್ಚನ್ನು ಆರೋಪಿಯಿಂದಲೇ ವಸೂಲು ಮಾಡಬಹುದು ಎನ್ನುತ್ತದೆ ಅದು. ಕಾಗದದ ಮೇಲೆ ಒಳ್ಳೆಯದೇ. ಆದರೆ ಎಂಬತ್ತು ಹುಂಜಗಳನ್ನು ಒಂದೊಂದಾಗಿ ಬೇರೆ ಬೇರೆ ಇಡುವಷ್ಟು ಜಾಗ ಯಾವ ಸಂಸ್ಥೆಯಲ್ಲಿದೆ ಎಂದು ಕೇಳಿದರೆ ಎಲ್ಲರೂ ಬೇರೆ ಕಡೆ ನೋಡುತ್ತಾರೆ.

ತೆಲಂಗಾಣದಲ್ಲಿ ಹುಂಜಗಳು ಸುದ್ದಿಯಾಗುವುದು ಹೊಸದೇನಲ್ಲ. 2021ರಲ್ಲಿ ಜಗಿತ್ಯಾಲ ಜಿಲ್ಲೆಯಲ್ಲಿ ಹುಂಜದ ಕಾಲಿಗೆ ಕಟ್ಟಿದ ಕತ್ತಿ ತಗುಲಿ ಸಾಕಿದವನೇ ತೀರಿಕೊಂಡ. ಹುಂಜವನ್ನು ಗೊಲ್ಲಪಲ್ಲಿ ಪೊಲೀಸ್ ಠಾಣೆಯಲ್ಲಿ ಕಟ್ಟಿಹಾಕಿ ಪೊಲೀಸರೇ ಕಾಳುನೀರು ನೋಡಿಕೊಂಡರು. ದೇಶವೆಲ್ಲ ನಕ್ಕಿತು. ನನಗೇನೋ ಅಲ್ಲಿನ ಪೊಲೀಸರ ಮೇಲೆ ಗೌರವವೇ ಬಂತು. 2024ರ ಜನವರಿಯಲ್ಲಿ ವರಂಗಲ್‌ನಿಂದ ವೇಮುಲವಾಡಕ್ಕೆ ಹೋಗುವ ಬಸ್ಸಿನಲ್ಲಿ ಯಾರೋ ಒಂದು ಹುಂಜವನ್ನು ಮರೆತು ಇಳಿದರು. ಕರೀಂನಗರದ ಡಿಪೋದವರು ಕೆಲವು ದಿನ ಸಾಕಿ, ವಾರಸುದಾರರು ಬರದಿದ್ದಾಗ ಬಿಟ್ಟುಹೋದ ಕೊಡೆ, ಚೀಲಗಳ ಲೆಕ್ಕದಲ್ಲಿ ಅದನ್ನೂ ಹರಾಜಿಗಿಟ್ಟರು. ಪ್ರಾಣಿದಯೆಯವರು ತಕರಾರು ಎತ್ತಿದ ಮೇಲೆ ಹರಾಜು ರದ್ದಾಯಿತು.

ಕಾದಾಡಿಸಿದ ಹುಂಜವನ್ನು ಮತ್ತೆ ಸಾಮಾನ್ಯ ಕೋಳಿ ಮಾಡಲು ಬರುತ್ತದೆಯೇ? ಬಹಳಷ್ಟು ಸಲ ಬರುತ್ತದೆ. ಅಮೆರಿಕದ ವೈನ್ ಎಂಬ ಪ್ರಾಣಿಧಾಮದವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಹುಂಜವನ್ನು ಹಗಲೆಲ್ಲ ಗುಂಪಿನ ನಡುವೆಯೇ ಒಂದು ಪಂಜರದಲ್ಲಿ ಇಡುವುದು. ಉಳಿದ ಕೋಳಿಗಳು ಕೆದಕುವುದು, ಜಗಳವಾಡಿ ಬಿಡುವುದು, ನೆರಳಲ್ಲಿ ಮಲಗುವುದು ಅದರ ಕಣ್ಣಿಗೆ ಬೀಳಬೇಕು. ಆಮೇಲೆ ಸ್ವಲ್ಪ ಹೊತ್ತು ಬಿಡುವುದು. ಮೇಲೆ ಬಿದ್ದರೆ ಮತ್ತೆ ಪಂಜರ. ಅವರ ಅನುಭವದಲ್ಲಿ ಆ ಹುಂಜಗಳ ಸಿಟ್ಟಿನ ಬುಡದಲ್ಲಿ ಇರುವುದು ಭಯ. ಒಂಟಿಯಾಗಿ ಬೆಳೆಸಿ, ಇನ್ನೊಂದು ಹುಂಜವನ್ನು ಎದುರಾಳಿಯಾಗಿ ಮಾತ್ರ ತೋರಿಸಿದ ಹಕ್ಕಿಗೆ ಬೇರೆ ರೀತಿ ಇರಬಹುದೆಂಬುದೇ ಗೊತ್ತಿರುವುದಿಲ್ಲ. ಕಾದಾಟದ ತಳಿಯಾದ ನಮ್ಮ ಅಸೀಲ್‌ಗೆ ಈ ಮಾತನ್ನು ಪೂರ್ತಿ ಅನ್ವಯಿಸಲು ನಾನು ಸಿದ್ಧಳಿಲ್ಲ. ಹೈದರಾಬಾದಿನ ಬಾರ್ಕಸ್ ಕಡೆ ಅಸೀಲ್ ಸಾಕುವ ಮನೆತನಗಳಿವೆ. ಅವರನ್ನು ಕೇಳಿದರೆ ಹ್ಯಾಟೆ ಕೂಡ ಹ್ಯಾಟೆಯ ಮೇಲೆ ಬೀಳುತ್ತದೆ ಎನ್ನುತ್ತಾರೆ. ಅದು ನಿಜ. ಅಂಥವಕ್ಕೆ ಬೇರೆ ಅಂಕಣ, ನಡುವೆ ಒಂದಕ್ಕೊಂದು ಕಾಣದಂತೆ ತಟ್ಟಿ, ಜೊತೆಗೆ ಒಂದೆರಡು ಶಾಂತ ಸ್ವಭಾವದ ಹ್ಯಾಟೆ. ಇಷ್ಟಾದರೆ ಸಾಕು.

ಆದರೆ ಹೆಸರಾದ ಹುಂಜಗಳ ಕತೆ ಇಷ್ಟೇ ಇರಲಿ. ನನ್ನ ಹತ್ತಿರ ಬರುವ ಕೋಳಿಗಳಲ್ಲಿ ಹೆಚ್ಚಿನವು ಪತ್ರಿಕೆಯಲ್ಲಿ ಬಂದವಲ್ಲ, ಮಾಳಿಗೆಯ ಮೇಲಿಂದ ಬಂದವು.

ಚಾರ್‌ಮಿನಾರಿನ ಪಕ್ಕದಲ್ಲಿ ಮೆಹಬೂಬ್ ಚೌಕ್ ಇದೆ. ಗಡಿಯಾರದ ಗೋಪುರದ ಸುತ್ತ ಕೋಳಿ, ಪಾರಿವಾಳ, ಗಿಣಿಗಳ ವ್ಯಾಪಾರ. ಊರವರು ಅದನ್ನು ಮುರ್ಗಿ ಚೌಕ್ ಎಂದೇ ಕರೆಯುತ್ತಾರೆ. ಇಂಥ ಸಂತೆಗಳಲ್ಲಿ ಬುಟ್ಟಿಯ ತುಂಬ ಗುಲಾಬಿ, ಹಸಿರು, ಕಿತ್ತಳೆ ಬಣ್ಣದ ಕೋಳಿಮರಿಗಳನ್ನು ನೀವೂ ನೋಡಿರುತ್ತೀರಿ. ನಮ್ಮ ಬೀದರಿನಲ್ಲೂ ಕಲಬುರಗಿಯಲ್ಲೂ ಜಾತ್ರೆಗೆ ಬರುತ್ತವೆ. ಮೊಟ್ಟೆಯ ತಳಿಯ ಮರಿ ಮಾಡುವ ಕೇಂದ್ರಗಳಲ್ಲಿ ಗಂಡುಮರಿಗೆ ಬೆಲೆಯಿಲ್ಲ. ಅದು ಮೊಟ್ಟೆ ಇಡುವುದಿಲ್ಲ, ಬ್ರಾಯ್ಲರ್ ಹಾಗೆ ಬೇಗ ಮೈ ತುಂಬಿಕೊಳ್ಳುವುದೂ ಇಲ್ಲ. ಹುಟ್ಟಿದ ದಿನವೇ ಕೊಲ್ಲುವುದು ಲೋಕದ ರೂಢಿ. ಜರ್ಮನಿ 2022ರಿಂದ ಅದನ್ನು ನಿಷೇಧಿಸಿದೆ. ನಮ್ಮಲ್ಲಿ ಅಂಥ ಮರಿಗಳಲ್ಲಿ ಒಂದಷ್ಟನ್ನು ಬಣ್ಣದಲ್ಲಿ ಅದ್ದಿ ಮಕ್ಕಳ ಕೈಗೆ ಮಾರುತ್ತಾರೆ. ಮೊದಲ ವಾರ ಅದಕ್ಕೆ 95 ಡಿಗ್ರಿ ಫ್ಯಾರನ್‌ಹೀಟ್ ಕಾವು ಬೇಕು, ಆಮೇಲೆ ವಾರಕ್ಕೆ ಐದು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಮಗುವಿನ ಅಂಗೈ ಅಷ್ಟು ಬೆಚ್ಚಗಿರುವುದಿಲ್ಲ. ಬಹಳಷ್ಟು ಮರಿಗಳು ನಾಲ್ಕೈದು ದಿನದಲ್ಲಿ ಸಾಯುತ್ತವೆ. ಸಾಯದೆ ಉಳಿದದ್ದು ಕೆಲವು ತಿಂಗಳಿಗೆ ಬಿಳಿ ಹುಂಜವಾಗಿ ಬೆಳಗಿನ ನಾಲ್ಕಕ್ಕೆ ಕೂಗುತ್ತದೆ. ಪಕ್ಕದ ಫ್ಲಾಟಿನವರು ಬಾಗಿಲು ತಟ್ಟುತ್ತಾರೆ. ಆಗ ಅದರ ಕಾಲಿಗೊಂದು ನೂಲು ಬಿಗಿದು ಮಾಳಿಗೆಯ ನೀರಿನ ಟಾಕಿಯ ಹಿಂದೆ ಕಟ್ಟುತ್ತಾರೆ. ಕ್ರೂರಿಗಳಲ್ಲ ಅವರು. ಮಗುವಿಗೆ ಬೇಜಾರಾಗುತ್ತದೆಂದು ಕೊಯ್ಯಲೂ ಮನಸ್ಸಿಲ್ಲ, ಸಾಕಲೂ ಗೊತ್ತಿಲ್ಲ.

ಇನ್ನು ಕೆಲವರು ಕಾರಿನಲ್ಲಿ ಒಯ್ದು ಯಾವುದೋ ಉದ್ಯಾನದಲ್ಲೋ ಕೆರೆಯ ಏರಿಯ ಮೇಲೋ ಬಿಟ್ಟು, ಸ್ವಾತಂತ್ರ್ಯ ಕೊಟ್ಟೆವು ಎಂದುಕೊಳ್ಳುತ್ತಾರೆ. ಬೀದಿನಾಯಿ, ಮುಂಗುಸಿ, ಬೆಕ್ಕುಗಳು ಅದೇ ರಾತ್ರಿ ಆ ಸ್ವಾತಂತ್ರ್ಯವನ್ನು ಮುಗಿಸುತ್ತವೆ.

ಸರಿ, ಅಂಥದ್ದೊಂದು ಕೋಳಿ ನಿಮ್ಮ ಕೈಗೆ ಬಂತು ಎನ್ನಿ. ಮೊದಲು ಹಿಡಿಯುವ ರೀತಿ. ಕಾಲು ಹಿಡಿದು ತಲೆಕೆಳಗಾಗಿ ಜೋತುಹಾಕುವುದು ಸಂತೆಯ ಚಾಳಿ, ಅದು ಬೇಡ. ಎದೆ ಬಿಗಿಯಾಗಿ ಅಪ್ಪಿಕೊಳ್ಳುವುದೂ ಬೇಡ. ಹಕ್ಕಿಗೆ ನಮ್ಮ ಹಾಗೆ ವಪೆ ಇಲ್ಲ. ಎದೆಯ ಮೂಳೆ ಮುಂದೆ ಹಿಂದೆ ಆಡಿದರೇ ಅದಕ್ಕೆ ಉಸಿರು. ಎರಡೂ ರೆಕ್ಕೆಗಳ ಮೇಲೆ ಅಂಗೈ ಇಟ್ಟು, ಕೆಳಗಿನಿಂದ ಇನ್ನೊಂದು ಕೈ ಕೊಟ್ಟು ಎತ್ತಿ. ಕತ್ತಲಾದ ಮೇಲಾದರೆ ಓಡಿಸಿ ಹಿಡಿಯುವ ಪ್ರಮೇಯವೇ ಇರುವುದಿಲ್ಲ.

ಆಮೇಲೆ ನೋಡಬೇಕಾದದ್ದು ಎದೆಮೂಳೆ. ಗರಿಯ ಮೇಲಿಂದ ಕೋಳಿ ದಪ್ಪಗೇ ಕಾಣುತ್ತದೆ, ಗರಿ ಮೋಸ ಮಾಡುತ್ತದೆ. ಬೆರಳು ಆಡಿಸಿದರೆ ಎದೆಮೂಳೆ ಚಾಕುವಿನ ಅಲಗಿನ ಹಾಗೆ ಸಿಕ್ಕರೆ ಅದು ಬಹಳ ದಿನದಿಂದ ಸೊರಗಿದೆ ಎಂದು ತಿಳಿಯಿರಿ. ಜುಟ್ಟು ಬಿಳಿಚಿದ್ದರೆ ರಕ್ತ ಕಡಿಮೆ, ನುಸಿಯೋ ಜಂತುವೋ ಇರಬಹುದು. ನಾನು ಬಂದ ಕೋಳಿಯನ್ನೆಲ್ಲ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತೇನೆ. ನಮ್ಮ ಓಣಿಯ ಅಜ್ಜಿಯೊಬ್ಬರು ಮೊದಲ ಸಲ ಅದನ್ನು ನೋಡಿದವರು, “ಯಾಕ್ರೀ ಡಾಕ್ಟ್ರಮ್ಮಾ, ಕೊಯ್ಯೋ ಮುಂದೆ ತೂಗ್ತಾರ, ನೀವು ಬದುಕ್ಸೋ ಮುಂದೂ ತೂಗ್ತೀರೇನ್ರೀ?” ಎಂದರು. ಬದುಕಿಸಲು ತೂಕ ಇನ್ನೂ ಮುಖ್ಯ. ಕೋಳಿ ತನ್ನ ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ. ಗುಂಪಿನಲ್ಲಿ ಬಲಹೀನ ಎಂದು ಕಂಡರೆ ಉಳಿದವು ಕುಕ್ಕುತ್ತವೆ. ಹಾಗಾಗಿ ಅದು ಜೋಲು ಮುಖ ಹಾಕಿ ಕುಳಿತದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ರೋಗ ಬಹಳ ಮುಂದೆ ಹೋಗಿರುತ್ತದೆ. ತಕ್ಕಡಿ ಒಂದು ವಾರ ಮೊದಲೇ ಹೇಳುತ್ತದೆ.

ಮೊದಲ ದಿನ ನೀರು, ನೆರಳು, ಮೌನ. ಬಟ್ಟಲಿನ ನೀರಿಗೆ ಚೂರು ಬೆಲ್ಲ, ಚಿಟಿಕೆಗಿಂತ ಕಡಿಮೆ ಉಪ್ಪು. ಬಾಯಿ ತೆರೆದು ನೀರು ಸುರಿಯಬಾರದು, ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಕೊಕ್ಕಿನ ತುದಿಯನ್ನು ನೀರಿಗೆ ಮುಟ್ಟಿಸಿದರೆ ತಾನೇ ಕುಡಿಯುತ್ತದೆ. ಬಹಳ ಸೊರಗಿದ ಹಕ್ಕಿಗೆ ಒಮ್ಮೆಲೇ ಹೊಟ್ಟೆ ತುಂಬ ಕಾಳು ಹಾಕಬೇಡಿ. ನೆನೆಸಿದ ಜೋಳದ ನುಚ್ಚು, ಬೇಯಿಸಿದ ಮೊಟ್ಟೆಯ ಪುಡಿ, ಇವನ್ನು ಸ್ವಲ್ಪ ಸ್ವಲ್ಪವಾಗಿ. ಕೋಳಿಗೆ ಕೋಳಿಮೊಟ್ಟೆಯೇ ಎಂದು ಮುಖ ಸಿಂಡರಿಸುವವರಿದ್ದಾರೆ. ಕೋಳಿಗೆ ಅಂಥ ಸಂಕೋಚವಿಲ್ಲ. ಮಾರನೆಯ ಬೆಳಿಗ್ಗೆ, ಮೇವು ಹಾಕುವ ಮೊದಲು, ಕುತ್ತಿಗೆಯ ಬುಡದ ಕಾಳಿನ ಚೀಲ ಮುಟ್ಟಿ ನೋಡಿ. ರಾತ್ರಿಯ ಮೇವು ಕರಗಿ ಖಾಲಿಯಾಗಿರಬೇಕು. ಗಟ್ಟಿಯಾಗಿದ್ದರೆ, ಹುಳಿ ವಾಸನೆ ಬಂದರೆ ವೈದ್ಯರ ಬಳಿಗೆ ಹೋಗಿ. ನಗರದಲ್ಲಿ ನಾರಾಯಣಗುಡದ ಸರಕಾರಿ ಪಶು ಆಸ್ಪತ್ರೆ ಇದೆ, ರಾಜೇಂದ್ರನಗರದಲ್ಲಿ ಪಶುವೈದ್ಯ ಕಾಲೇಜಿದೆ. ಕೋಳಿ ಹಿಡಿದು ಸಾಲಿನಲ್ಲಿ ನಿಂತರೆ ನಾಯಿ ತಂದವರು ನಗಬಹುದು, ನಗಲಿ.

ಹೈದರಾಬಾದಿನ ಮಾಳಿಗೆಯ ಕೋಳಿಗಳಿಗೆ ಸಿಗುವ ಮೇವೆಂದರೆ ಉಳಿದ ಅನ್ನ, ರಮ್ಜಾನ್ ತಿಂಗಳಲ್ಲಿ ಬಿರಿಯಾನಿ. ಬಿರಿಯಾನಿಯಲ್ಲಿ ಉಪ್ಪು, ಎಣ್ಣೆ, ಮಸಾಲೆ. ಅಷ್ಟು ಉಪ್ಪನ್ನು ಕೋಳಿಯ ಮೂತ್ರಪಿಂಡ ತಡೆಯುವುದಿಲ್ಲ. ಬರೀ ಬಿಳಿ ಅನ್ನವಾದರೋ ಇನ್ನೊಂದು ತೊಂದರೆ. ಅದರ ಕತೆ ಬಹಳ ಚೆನ್ನಾಗಿದೆ, ಹೇಳಿಯೇ ಮುಂದೆ ಹೋಗುತ್ತೇನೆ.

1890ರ ಸುಮಾರು, ಈಗಿನ ಜಕಾರ್ತದಲ್ಲಿ, ಅಂದರೆ ಡಚ್ಚರ ಬಟಾವಿಯಾದಲ್ಲಿ, ಕ್ರಿಸ್ಟಿಯಾನ್ ಐಕ್ಮನ್ ಎಂಬ ವೈದ್ಯ ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದ. ಸೈನಿಕರ ಕಾಲು ಸೋತು ಬೀಳುತ್ತಿದ್ದವು. ರೋಗಾಣು ಇರಬೇಕೆಂದು ಅವನ ಊಹೆ. ಪ್ರಯೋಗಾಲಯದಲ್ಲಿ ಕೋಳಿಗಳನ್ನು ಸಾಕಿದ್ದ. ಒಂದು ದಿನ ನೋಡಿದರೆ ಕೋಳಿಗಳೂ ಕಾಲು ಸೋತು ಓಲಾಡುತ್ತಿವೆ. ರೋಗಾಣು ಚುಚ್ಚಿದವೂ ಹಾಗೇ, ಚುಚ್ಚದವೂ ಹಾಗೇ. ಅವನು ತಲೆಕೆಡಿಸಿಕೊಂಡಿರುವಾಗಲೇ ಕೋಳಿಗಳು ತಾವಾಗಿ ಗುಣವಾದವು! ವಿಚಾರಿಸಿದರೆ, ಅವುಗಳನ್ನು ನೋಡಿಕೊಳ್ಳುವವನು ಸೈನಿಕ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನವನ್ನು ಹಾಕುತ್ತಿದ್ದನಂತೆ. ಆಮೇಲೆ ಬಂದ ಹೊಸ ಅಡುಗೆಯವನು, ದಂಡಿನ ಅನ್ನ ದಂಡಿಗೆ ಸೇರದ ಕೋಳಿಗಳಿಗೆ ಯಾಕೆ ಎಂದು ನಿಲ್ಲಿಸಿಬಿಟ್ಟ. ಅಂದಿನಿಂದ ಕೋಳಿಗಳಿಗೆ ತವುಡು ತೆಗೆಯದ ಅಗ್ಗದ ಅಕ್ಕಿ. ಆ ತವುಡಿನಲ್ಲಿದ್ದದ್ದೇ ಕಾಲಿಗೆ ಬಲ ಕೊಟ್ಟದ್ದು. ಮುಂದೆ ಅದಕ್ಕೆ ಬಿ1 ಜೀವಸತ್ವ ಎಂಬ ಹೆಸರು ಬಂತು, 1929ರಲ್ಲಿ ಐಕ್ಮನ್‌ಗೆ ನೊಬೆಲ್ ಬಹುಮಾನ ಬಂತು. ಕೋಳಿಗಳಿಗೆ ಏನು ಬಂತೋ ತಿಳಿಯದು, ಅಡುಗೆಯವನಿಗಂತೂ ಏನೂ ಬರಲಿಲ್ಲ.

ಬರೀ ಅನ್ನ ತಿಂದು ಕಾಲು ಸೋತ, ಕುತ್ತಿಗೆ ಹಿಂದಕ್ಕೆ ಬಾಗಿದ ಕೋಳಿಗಳು ಈಗಲೂ ನನ್ನ ಹತ್ತಿರ ಬರುತ್ತವೆ. ಮನೆಯವರು ಮಾಟವೆಂದೋ ಲಕ್ವ ಹೊಡೆದಿದೆಯೆಂದೋ ಹೇಳುತ್ತಾರೆ. ಬಿ ಜೀವಸತ್ವದ ಹನಿ ಕೊಟ್ಟು, ಸಜ್ಜೆ, ಜೋಳ, ತವುಡು, ನುಗ್ಗೆಸೊಪ್ಪಿನ ಮೇವಿಗೆ ಹಚ್ಚಿದರೆ ಎಷ್ಟೋ ಎದ್ದು ನಡೆಯುತ್ತವೆ. ಕುತ್ತಿಗೆ ತಿರುಚುವುದು ಕೊಕ್ಕರೆ ರೋಗದಲ್ಲೂ ಉಂಟು, ಆದ್ದರಿಂದ ನೀವೇ ತೀರ್ಮಾನ ಮಾಡಬೇಡಿ. ಬೂಷ್ಟು ಹಿಡಿದ ಶೇಂಗಾ, ಜೋಳವನ್ನು “ಕೋಳಿಗೆ ಹಾಕಿದ್ರಾಯ್ತು” ಎನ್ನುವುದು ಇನ್ನೊಂದು ಕೆಟ್ಟ ರೂಢಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿಯಿಂದ. ಆ ಬೂಷ್ಟಿನ ವಿಷ ಯಕೃತ್ತನ್ನು ತಿನ್ನುತ್ತದೆ.

ಈಗ ಕಾಲು. ಸಿಮೆಂಟಿನ ಮೇಲೆ, ತಂತಿಯ ಮೇಲೆ ನಿಂತು ನಿಂತು ಅಂಗಾಲಿನಲ್ಲಿ ಗಂಟು ಕಟ್ಟಿ ಕೀವಾಗುತ್ತದೆ. ಬಿಗಿದ ನೂಲು ಚರ್ಮದೊಳಗೆ ಹೂತು, ಮೇಲೆ ಚರ್ಮ ಬೆಳೆದು ನೂಲೇ ಕಾಣದಂತಾಗಿರುತ್ತದೆ. ಊದಿದ ಕಾಲನ್ನು ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಕಾಲಿನ ಹುರುಪೆಗಳು ಎದ್ದು ಸುಣ್ಣ ಹಚ್ಚಿದಂತಾಗಿದ್ದರೆ ಅದು ಕಣ್ಣಿಗೆ ಕಾಣದ ನುಸಿಯ ಕೆಲಸ. ಹಳ್ಳಿಯಲ್ಲಿ ಇದಕ್ಕೆ ಸೀಮೆಎಣ್ಣೆ ಹಚ್ಚುತ್ತಾರೆ. ನುಸಿ ಸಾಯಬಹುದು, ಚರ್ಮವೂ ಸುಡುತ್ತದೆ. ಬೆಚ್ಚನೆ ನೀರಿನಲ್ಲಿ ನೆನೆಸಿ, ಒರೆಸಿ, ವ್ಯಾಸಲೀನ್ ದಪ್ಪಗೆ ಮೆತ್ತಿ. ಗಾಳಿ ಸಿಗದೆ ನುಸಿ ಸಾಯುತ್ತದೆ. ಕೆಲವು ವಾರ ಬಿಡದೆ ಹಚ್ಚಬೇಕು. ಎದ್ದ ಹುರುಪೆ ಕೀಳಬಾರದು.

ಹೇನಿಗೆ ಮದ್ದು ಕೋಳಿಗೇ ಗೊತ್ತು, ಅದು ಮಣ್ಣು. ಒಣಮಣ್ಣು, ಮರಳು, ಒಲೆಯ ಬೂದಿ ಬೆರೆಸಿ ಒಂದು ಹಳೆಯ ಟಬ್ಬಿನಲ್ಲಿ ತುಂಬಿಡಿ. ವರ್ಷಗಟ್ಟಲೆ ಸಿಮೆಂಟಿನ ಮೇಲೇ ಇದ್ದ ಹ್ಯಾಟೆ ಕೂಡ ಟಬ್ಬಿನ ಅಂಚಿನಲ್ಲಿ ಸ್ವಲ್ಪ ಹೊತ್ತು ಅನುಮಾನದಿಂದ ನಿಂತು, ಕೊಕ್ಕಿನಿಂದ ಎರಡು ಸಲ ಕೆದಕಿ, ಆಮೇಲೆ ಪಕ್ಕಕ್ಕೆ ಉರುಳಿ ರೆಕ್ಕೆಯ ಒಳಗೆಲ್ಲ ಮಣ್ಣು ತುಂಬಿಕೊಳ್ಳುತ್ತದೆ. ತಾಯಿ ಕಂಡಿಲ್ಲ, ಯಂತ್ರದ ಕಾವಿನಲ್ಲಿ ಹುಟ್ಟಿದ್ದು, ಯಾರೂ ಕಲಿಸಿದ್ದಿಲ್ಲ. ಕೋಳಿಗೆ ಏನು ಬೇಕು ಎಂದು ನನ್ನನ್ನು ಯಾರಾದರೂ ಒಂದೇ ಮಾತಿನಲ್ಲಿ ಕೇಳಿದರೆ ನಾನು ಔಷಧಿಯ ಹೆಸರು ಹೇಳುವುದಿಲ್ಲ. ಕೆದಕಲು ಮಣ್ಣು, ಜೊತೆಗೆ ಇನ್ನೊಂದು ಕೋಳಿ. ಹೈದರಾಬಾದಿನಂಥ ಊರಿನಲ್ಲಿ ಇವೆರಡೇ ದುಬಾರಿ.

ಪಂಜರದ ಲೇಯರ್ ಕೋಳಿಗಳ ಮಾತು ಬೇರೆ. ನಮ್ಮ ಮೊಟ್ಟೆ ಕಾರ್ಖಾನೆಗಳಲ್ಲಿ ಒಂದು ಹ್ಯಾಟೆಗೆ ಸಿಗುತ್ತಿದ್ದ ಜಾಗ ಸುಮಾರು 450 ಚದರ ಸೆಂಟಿಮೀಟರ್, ಒಂದು ಎ4 ಹಾಳೆಗಿಂತಲೂ ಕಡಿಮೆ. 2017ರಲ್ಲಿ ಕಾನೂನು ಆಯೋಗ ತನ್ನ 269ನೇ ವರದಿಯನ್ನು ಈ ಕೋಳಿಗಳ ಸಾಕಣೆಯ ಮೇಲೆಯೇ ಬರೆಯಿತು. ವರ್ಷಕ್ಕೆ ಮುನ್ನೂರು ಮೊಟ್ಟೆ ಇಡುವ ಹ್ಯಾಟೆ ಪ್ರತಿ ಮೊಟ್ಟೆಯ ಚಿಪ್ಪಿಗೂ ಎರಡು ಗ್ರಾಮಿನಷ್ಟು ಸುಣ್ಣದಂಶ ಕೊಡಬೇಕು. ಮೇವಿನಲ್ಲಿ ಸಾಲದಿದ್ದರೆ ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತದೆ. ಒಂದೂವರೆ ವರ್ಷ ವಯಸ್ಸಿನ ಹೊತ್ತಿಗೆ ಅದನ್ನು ಮಾರಿಬಿಡುತ್ತಾರೆ. ಅಗ್ಗಕ್ಕೆ ಸಿಗುತ್ತದೆಂದು ತಂದು ಹಿತ್ತಲಲ್ಲಿ ಬಿಟ್ಟವರು, “ಇದಕ್ಕೆ ನಡೆಯೋಕೇ ಬರಲ್ಲ” ಎಂದು ಫೋನ್ ಮಾಡುತ್ತಾರೆ. ನಡೆದೇ ಗೊತ್ತಿಲ್ಲದ ಕಾಲು ಅದು. ಮೂಳೆ ಟೊಳ್ಳಾಗಿರುತ್ತದೆ, ಎತ್ತರದ ಅಡ್ಡಕೋಲಿನಿಂದ ಹಾರಿದರೆ ಮುರಿಯುತ್ತದೆ. ಮಲಗಲು ನೆಲದಿಂದ ಗೇಣುದ್ದ ಎತ್ತರದಲ್ಲಿ ಕೋಲು ಕೊಡಿ, ಕೆಳಗೆ ಭತ್ತದ ಹೊಟ್ಟು ಹಾಸಿ, ಪುಡಿ ಮಾಡಿದ ಚಿಪ್ಪನ್ನು ಬೇರೆ ಬಟ್ಟಲಲ್ಲಿಡಿ. ಬ್ರಾಯ್ಲರ್ ಕೋಳಿಯನ್ನು ಕನಿಕರದಿಂದ ಉಳಿಸಿಕೊಂಡವರಿಗೆ ಬೇರೆ ಮಾತು: ಅದಕ್ಕೆ ಮೇವು ಅಳೆದು ಹಾಕಿ. ಆರು ವಾರಕ್ಕೆ ಎರಡು ಕೆಜಿ ಆಗಲೆಂದು ಬೆಳೆಸಿದ ತಳಿ, ಕೇಳಿದಷ್ಟು ಕೊಟ್ಟರೆ ಕಾಲು ಬೀಳುತ್ತದೆ, ಹೃದಯ ನಿಲ್ಲುತ್ತದೆ.

ಹೊಸ ಕೋಳಿಯನ್ನು ಹಳೆಯ ಗುಂಪಿಗೆ ತಂದ ದಿನವೇ ಬಿಡಬಾರದು. ಒಂದು ತಿಂಗಳು ಬೇರೆ ಇಡಿ, ರೋಗಕ್ಕಾಗಿ. ಆಮೇಲೆ ಜಾಲರಿಯ ಆಚೆ ಈಚೆ ಒಂದು ವಾರ, ಜಗಳಕ್ಕಾಗಿ. ನಾರ್ವೆಯ ಶೆಲ್ಡೆರಪ್-ಎಬ್ಬೆ ಎಂಬಾತ ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ನೋಡಿ ನೋಡಿ, ಯಾವುದು ಯಾವುದನ್ನು ಕುಕ್ಕಬಹುದು ಎಂಬ ಶ್ರೇಣಿ ಗುಂಪಿನಲ್ಲಿ ಇರುತ್ತದೆಂದು 1920ರ ದಶಕದ ಆರಂಭದಲ್ಲಿ ಬರೆದ. ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊಸಬರನ್ನು ಒಂಟಿಯಾಗಿ ಬಿಡುವುದಕ್ಕಿಂತ ಇಬ್ಬರನ್ನು ಜೊತೆಗೆ ಬಿಟ್ಟರೆ ಪೆಟ್ಟು ಹಂಚಿಹೋಗುತ್ತದೆ. ಮೇವಿನ ಬಟ್ಟಲು ಎರಡು ಕಡೆ ಇರಲಿ. ರಕ್ತ ಕಂಡರೆ ತಕ್ಷಣ ಬೇರ್ಪಡಿಸಿ. ಕೆಂಪು ಕಂಡರೆ ಉಳಿದವು ನಿಲ್ಲಿಸುವುದಿಲ್ಲ.

ರೋಗದ ಬಗ್ಗೆ ಹೆಚ್ಚು ಹೆದರಿಸುವುದಿಲ್ಲ. ಎರಡು ಮಾತು. ಕೊಕ್ಕರೆ ರೋಗಕ್ಕೆ ಲಸಿಕೆ ಇದೆ, ಸರಕಾರವೇ ತಯಾರಿಸುತ್ತದೆ, ಹೈದರಾಬಾದಿನಲ್ಲೂ ಬೆಂಗಳೂರಿನ ಹೆಬ್ಬಾಳದಲ್ಲೂ. ಹಾಕಿಸದಿರುವುದಕ್ಕೆ ನೆಪವಿಲ್ಲ. ಇನ್ನು ಹಕ್ಕಿಜ್ವರ. 2025ರ ಮೊದಲ ತಿಂಗಳುಗಳಲ್ಲಿ ಆಂಧ್ರದಲ್ಲೂ ತೆಲಂಗಾಣದಲ್ಲೂ ಕಾಣಿಸಿಕೊಂಡಿತು. ರೋಗ ಕಂಡ ಜಾಗದ ಸುತ್ತ ಒಂದು ಕಿಲೋಮೀಟರಿನ ಕೋಳಿಗಳನ್ನೆಲ್ಲ ಕೊಲ್ಲುವುದು ಸರಕಾರದ ಕ್ರಮ. ಅಂಥ ದಿನಗಳಲ್ಲಿ ಎಲ್ಲಿಂದಲೋ ಕೋಳಿ ಬಿಡಿಸಿಕೊಂಡು ಬರುವುದು ದಯೆಯಲ್ಲ. ಒಮ್ಮೆಲೇ ಹಲವು ಸತ್ತಿದ್ದರೆ ಮುಟ್ಟಬೇಡಿ, ಪಶುಇಲಾಖೆಗೆ ತಿಳಿಸಿ.

ನಾನು ಕೋಳಿ ತಿನ್ನುವ ಮನೆಯಲ್ಲೇ ಹುಟ್ಟಿದವಳು. ಕೇಳುವವರಲ್ಲಿ ತಿನ್ನುವವರೂ ಇದ್ದೀರಿ, ತಿನ್ನದವರೂ ಇದ್ದೀರಿ. ಬದುಕಿರುವಷ್ಟು ದಿನ ನೀರು ನೆರಳು ಕೊಡಿ ಎನ್ನುವ ಕಲಮು ಇಬ್ಬರಿಗೂ ಒಂದೇ.

ಇನ್ನು ಹಿತ್ತಲಿನ ತಳಿಗಳು. ಹುಂಜಗಳು ಹರಾಜಾದ ಜಾಗ ರಾಜೇಂದ್ರನಗರ ಎಂದೆನಲ್ಲ. ಅದೇ ರಾಜೇಂದ್ರನಗರದಲ್ಲಿ 1988ರಲ್ಲಿ ಆರಂಭವಾದ ಕೇಂದ್ರದ ಕೋಳಿ ಸಂಶೋಧನಾಲಯವಿದೆ. ಹಿತ್ತಲಿಗೆಂದೇ ಅವರು ವನರಾಜ, ಗ್ರಾಮಪ್ರಿಯ ಎಂಬ ತಳಿಗಳನ್ನು ಮಾಡಿದರು, ಬೆಂಗಳೂರಿನವರು ಗಿರಿರಾಜ ಮಾಡಿದ ಹಾಗೆ. ಜವಾರಿ ಹ್ಯಾಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ವನರಾಜ ನೂರರ ಮೇಲೆ, ಗ್ರಾಮಪ್ರಿಯ ನೂರೈವತ್ತರ ಮೇಲೆ. ಆದರೆ ಇವುಗಳ ಮರಿಗಳಿಗೆ ಮೊದಲ ಆರು ವಾರ ಕಾವು, ಲಸಿಕೆ, ಒಳ್ಳೆಯ ಮೇವು ಕೊಟ್ಟು ಒಳಗೇ ಬೆಳೆಸಬೇಕು. ಅದನ್ನು ಹೇಳದೆ ಮರಿ ಹಂಚಿದಲ್ಲೆಲ್ಲ ಜನ ಜವಾರಿ ಮರಿಯಂತೆ ಅಂಗಳಕ್ಕೆ ಬಿಟ್ಟು ಕಳೆದುಕೊಳ್ಳುತ್ತಾರೆ. ಮೊಟ್ಟೆಗೆಂದು ಬೆಳೆಸಿದ ತಳಿಗಳಿಗೆ ಕಾವು ಕೂರುವ ಬುದ್ಧಿಯೂ ಕಡಿಮೆ. ಹೆಚ್ಚು ಮೊಟ್ಟೆಗಾಗಿ ನಾವೇ ತೆಗೆದುಹಾಕಿದ ಗುಣ ಅದು.

ಇಲ್ಲಿಯೇ ಮುದಿ ಜವಾರಿ ಹ್ಯಾಟೆಗೆ ಕೆಲಸವಿದೆ. ಗುಣವಾದ ಹ್ಯಾಟೆ ಮೊಟ್ಟೆ ಇಡಲು ಹತ್ತಿದರೆ ಮನೆಯವರಿಗೆ ಸಂತೋಷ. ಔಷಧಿ ಕೊಟ್ಟಿದ್ದರೆ ವೈದ್ಯರು ಹೇಳಿದಷ್ಟು ದಿನ ಆ ಮೊಟ್ಟೆ ತಿನ್ನಬೇಡಿ. ಗರಿ ಉದುರುವ ಕಾಲದಲ್ಲಿ ಒಂದೆರಡು ತಿಂಗಳು ಮೊಟ್ಟೆ ನಿಲ್ಲುತ್ತದೆ, ಅದು ರೋಗವಲ್ಲ. ವಯಸ್ಸಾದಂತೆ ವರ್ಷ ವರ್ಷಕ್ಕೂ ಕಡಿಮೆಯಾಗುತ್ತದೆ, ಕೋಳಿ ಮಾತ್ರ ಐದಾರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕುತ್ತದೆ. ಎರಡನೆಯ ಸಲ ಅದನ್ನು ಮೂಲೆಗೆ ಹಾಕುವುದು ಆಗಲೇ. ತಕ್ಕಡಿ ನೋಡಿ ಪ್ರಶ್ನೆ ಕೇಳಿದ ನಮ್ಮ ಓಣಿಯ ಆ ಅಜ್ಜಿ ತಮ್ಮ ಮುದಿ ಹ್ಯಾಟೆಯನ್ನು ಮಾರಲಿಲ್ಲ. ಅದು ಕಾವು ಕುಳಿತಾಗ ಕೆಳಗೆ ಹುಸಿಮೊಟ್ಟೆಗಳನ್ನಿಟ್ಟು, ಎರಡು ಮೂರು ವಾರ ಕೂಡಿಸಿ, ಆಮೇಲೆ ವನರಾಜದ ಒಂದು ದಿನದ ಮರಿಗಳನ್ನು ತಂದು ಕೊಡುತ್ತಾರೆ. ಹತ್ತು ಮರಿಗಳ ತನಕ ತಾನೇ ರೆಕ್ಕೆಯಡಿ ಇಟ್ಟುಕೊಂಡು ಬೆಳೆಸುತ್ತದೆ, ಬಲ್ಬಿನ ಖರ್ಚಿಲ್ಲ. ಲಸಿಕೆ, ಮೇವು ನಾವು ನೋಡಿಕೊಂಡರಾಯಿತು. ಮಾಡುವವರಿದ್ದರೆ ಒಂದು ಮಾತು ನೆನಪಿಡಿ: ಹಗಲಲ್ಲಿ ಮರಿ ಕೊಟ್ಟರೆ ಬೇರೆಯವರದೆಂದು ಕುಕ್ಕುವುದುಂಟು. ಪೂರ್ತಿ ಕತ್ತಲಾದ ಮೇಲೆ, ದೀಪ ಹಾಕದೆ, ಹುಸಿಮೊಟ್ಟೆ ಒಂದೊಂದಾಗಿ ತೆಗೆಯುತ್ತ ಮರಿಗಳನ್ನು ಒಂದೊಂದಾಗಿ ಸರಿಸಿ. ಬೆಳಿಗ್ಗೆ ಬೇಗ ಎದ್ದು ಒಮ್ಮೆ ನೋಡಿ ಬನ್ನಿ, ಒಪ್ಪಿಕೊಳ್ಳದಿದ್ದರೆ ಮರಿಗಳನ್ನು ತಕ್ಷಣ ಕಾವಿಗೆ ಹಾಕಬೇಕಾಗುತ್ತದೆ.